ಚಿರೇಕಲ್ಲು ಪಣೆಯಲ್ಲಿ ಮಳೆಗಾಲದ ಹುಲ್ಲು ಮರಳಿ ಬಂದ ಬಗೆ: ನನ್ನ ಅನುಭವ

ಹೊನ್ನಾವರ ತಾಲ್ಲೂಕಿನ ನಮ್ಮ ಬೇಣದ (ಹುಲ್ಲುಗಾವಲಿನ) ಮಗ್ಗುಲಲ್ಲಿ ಸುಮಾರು 18 ಗುಂಟೆಯ ಹಳೆಯ ಚಿರೇಕಲ್ಲು ಪಣೆಯೊಂದಿದೆ, ಅಂದರೆ ಕೆಂಪು ಮುರಕಲ್ಲು ಕಡಿದು ತೆಗೆದ ಹೊಂಡ. ಕಲ್ಲು ತೆಗೆದವರು ಬಿಟ್ಟುಹೋಗಿ ಹತ್ತು ಹನ್ನೆರಡು ವರ್ಷ ಕಳೆದರೂ ಪಾಚಿ ಮತ್ತು ಅಂಚಿನ ಯುಪಟೋರಿಯಂ ಕಳೆ ಬಿಟ್ಟರೆ ಅಲ್ಲಿ ಏನೂ ಹುಟ್ಟಿರಲಿಲ್ಲ. ಈಗ ಹುಬ್ಬಾ ಮಳೆಯಲ್ಲಿ ಬಂದರೆ ಎರಿಯೋಕಾಲಾನ್ ಗಿಡದ ಅಂಗಿಗುಂಡಿಯಂಥ ಬಿಳಿ ಹೂಗಳು ತಳದ ತುಂಬ ನಿಂತಿರುತ್ತವೆ. ನಡುವೆ ನೀಲಿ ಯುಟ್ರಿಕುಲೇರಿಯಾ, ತೆಳು ಮಣ್ಣಿನಲ್ಲಿ ಡ್ರೊಸೆರಾ (ಎರಡೂ ಹುಳ ಹಿಡಿಯುವ ಗಿಡಗಳು), ಸುತ್ತ ಡೈಮೇರಿಯಾ ಹುಲ್ಲು. ಕಳೆದ ಮಳೆಗಾಲದಲ್ಲಿ ನಾನು ಗುರುತಿಸಿದ್ದು ನಲವತ್ತರ ಆಚೀಚೆ ಜಾತಿಗಳು. ಅದರಲ್ಲಿ ಹುಲ್ಲುಗಳೇ ಹದಿಮೂರೋ ಹದಿನಾಲ್ಕೋ, ಜೇಕಿನ ಬಳಗ ಒಂಬತ್ತು. ಒಂದೇ ಒಂದು ಸಸಿ ನೆಟ್ಟಿಲ್ಲ. "ಗೋರ್ಕಲ್ಲ ಮೇಲೆ ಮಳೆ ಸುರಿಸಿ ಏನು ಪ್ರಯೋಜನ?" ಎಂದು ಕೇಳಿದ್ದವರೆಲ್ಲ ಬಂದು ನೋಡಿಕೊಂಡು ಹೋಗಿದ್ದಾರೆ. ಈಗ ಬರೆಯಬಹುದು ಎನಿಸಿದೆ.

ಈ ಹುಚ್ಚು ಹಿಡಿಯಲು ಕಾರಣ ನಮ್ಮ ಊರಿನಾಚೆಯ ಒಂದು ಕಲ್ಲುಹಾಸಿನ ಬಯಲು, ಅಂದರೆ ಕಡಿಯದೆ ಉಳಿದ ಚಿರೇಕಲ್ಲಿನ ಹಾಸು. ಬೇಸಿಗೆಯಲ್ಲಿ ಸುಟ್ಟ ಕರಿಕಲ್ಲಿನಂತೆ ಕಾಣುವ ಜಾಗ ಅದು. ಸರ್ಕಾರಿ ಕಡತದಲ್ಲಿ ಇಂಥವಕ್ಕೆಲ್ಲ ಪಾಳುಭೂಮಿ ಎಂದೇ ಹೆಸರು. ಆದರೆ ಮೃಗಶಿರಾ ಮಳೆ ಹಿಡಿದ ಮೇಲೆ ಸ್ವಾತಿ ಮುಗಿಯುವವರೆಗೆ ಅಲ್ಲಿ ಹುಲ್ಲು ಹೂವುಗಳು ಏಳುವುದನ್ನು ನೋಡಿದವರಿಗೆ ಆ ಹೆಸರು ಸಹಿಸುವುದಿಲ್ಲ. ಅದನ್ನು ಸೈಟು ಮಾಡಲು ಸಮತಟ್ಟು ಮಾಡುತ್ತಾರೆಂಬ ಸುದ್ದಿ ಬಂದಾಗ ತಡೆಯುವ ಶಕ್ತಿ ನನಗಿರಲಿಲ್ಲ. ಮಾಲೀಕರನ್ನು ಕೇಳಿಕೊಂಡೆ: ಜೆಸಿಬಿ ಬರುವ ಮೊದಲು ಮೇಲಿನ ಒಂದು ಬೆರಳು ಮಣ್ಣು ನನಗೆ ಕೊಡಿ, ಬೀಜವೆಲ್ಲ ಅದರಲ್ಲೇ ಇದೆ. ಅವರು ನಕ್ಕು ಒಪ್ಪಿದರು. ಅಲ್ಲಿಂದ ಶುರುವಾಯಿತು.

ಸಲಹೆ ಕೊಡುವವರಿಗೆ ಕೊರತೆ ಇರಲಿಲ್ಲ. ಪಣೆ ತುಂಬಿಸಿ ಗೇರು ನೆಡಿ ಎಂದವರು ಕೆಲವರು, ಅಕೇಶಿಯಾ ಆದರೆ ಕಲ್ಲಿನಲ್ಲೂ ಬರುತ್ತದೆ ಎಂದವರು ಹಲವರು. ಅಕೇಶಿಯಾ ಬರುತ್ತದೆ ನಿಜ. ಕರಾವಳಿಯ ಬೋಳುಗುಡ್ಡಗಳ ಮೇಲೆ ಅದನ್ನು ನೆಟ್ಟಲ್ಲೆಲ್ಲ ಬಂದಿದೆ. ಅದರ ಒಣ ಎಲೆಯ ಹಾಸಿನ ಕೆಳಗೆ ಒಂದು ಎರಿಯೋಕಾಲಾನ್ ತೋರಿಸಿ ಎಂದರೆ ಯಾರಿಗೂ ಆಗಿಲ್ಲ. ಸಸ್ಯಶಾಸ್ತ್ರ ಕಲಿಸಿದ ಹಿರಿಯ ಸ್ನೇಹಿತರೊಬ್ಬರು ಮಾತ್ರ ಬೇರೆ ಧಾಟಿಯಲ್ಲಿ ಅನುಮಾನಪಟ್ಟರು: "ಆ ಬಯಲು ಆಗಲು ಸಾವಿರಾರು ವರ್ಷ ಬೇಕಾಯಿತು, ನೀವು ಮೂರು ಮಳೆಗಾಲದಲ್ಲಿ ಮಾಡುತ್ತೀರಾ?" ಇಡೀ ಬಯಲನ್ನು ಮಾಡಲು ನಾನು ಹೊರಟಿರಲಿಲ್ಲ. ಬೀಜಕ್ಕೆ ಒಂದು ನೆಲೆ ಸಿಕ್ಕರೆ ಸಾಕಿತ್ತು.

ಮೊದಲು ಎಲ್ಲರೂ ಹೇಳಿದ ದಾರಿಯನ್ನೇ ಒಂದು ಮೂಲೆಯಲ್ಲಿ ಪರೀಕ್ಷಿಸಿದೆ. ಟಿಪ್ಪರಿನಲ್ಲಿ ಕೆಂಪು ಮಣ್ಣು ತರಿಸಿ ಅರ್ಧ ಅಡಿ ಹರಡಿಸಿದೆ. ಲೋಡಿಗೆ 3,500 ರೂಪಾಯಿಯಂತೆ ಐದಾರು ಲೋಡು, ಜೊತೆಗೆ ಜೆಸಿಬಿ ಬಾಡಿಗೆ. ಇಪ್ಪತ್ತೈದು ಸಾವಿರದ ಮೇಲೆ ಅಲ್ಲಿಯೇ ಹೋಯಿತು. ಬಂದದ್ದು ಮುಟ್ಟಿದರೆ ಮುನಿ, ಅಜೆರಾಟಮ್, ಯುಪಟೋರಿಯಂ. ತಂದ ಮಣ್ಣಿನಲ್ಲಿ ಆ ಕಳೆಗಳ ಬೀಜವೇ ಇತ್ತು. ಇನ್ನೊಂದು ಮೂಲೆಗೆ ಹಟ್ಟಿಗೊಬ್ಬರ ಚಿಮುಕಿಸಿದೆ. ಅಲ್ಲಿ ನೀರು ಹಸಿರು ಲೋಳೆಯಾಗಿ, ಜೇಕು ಮೊಣಕಾಲೆತ್ತರ ಬೆಳೆದು ಉಳಿದದ್ದನ್ನೆಲ್ಲ ಮುಚ್ಚಿತು. ಸಾರವಿಲ್ಲದ ನೆಲದಲ್ಲಿ ಹುಳ ಹಿಡಿದು ಬದುಕುವ ಗಿಡಗಳಿರುವಲ್ಲಿಗೆ ಗೊಬ್ಬರ ಹಾಕಿದರೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ಎರಡು ಮೂಲೆಗಳನ್ನು ಕೆರೆದು ಹೊರಹಾಕಲು ಮತ್ತೆ ಆಳುಗಳ ಕೂಲಿ ಎಂಟು ಸಾವಿರ ತಗುಲಿತು.

ಪಣೆಯ ನಿಜವಾದ ತೊಂದರೆ ಇದ್ದದ್ದು ನೀರಿನಲ್ಲಿ, ಅದೂ ಎರಡು ಬಗೆಯಲ್ಲಿ. ಮೊದಲನೆಯದು, ನೀರು ನಿಲ್ಲುತ್ತಿರಲಿಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. ಆದರೂ ಆಶ್ಲೇಷಾದಲ್ಲಿ ನಾಲ್ಕು ದಿನ ಮಳೆ ಬಿಟ್ಟು ಹೊಳವಾದರೆ ಪಣೆಯ ತಳ ಒಣಗಿ ಬಿರುಸಾಗುತ್ತಿತ್ತು. ಕಡಿದ ಹೊಸ ಕಲ್ಲಿನ ರಂಧ್ರಗಳು ತೆರೆದೇ ಇರುತ್ತವೆ. ಹಳೆಯ ಕಲ್ಲುಹಾಸಿನಲ್ಲಿ ನುಣ್ಣನೆಯ ಮಣ್ಣು ಸೇರಿ ಅವು ಮುಚ್ಚಿಕೊಂಡಿರುತ್ತವೆ. ಅದಕ್ಕೆ ಶೇಡಿಮಣ್ಣನ್ನು (ನುಣ್ಣನೆಯ ಬಿಳಿ ಜೇಡಿಯನ್ನು) ನೀರಿನಲ್ಲಿ ಕದಡಿ, ಮಜ್ಜಿಗೆಯ ಹದಕ್ಕೆ ತಂದು, ಏಪ್ರಿಲ್ ಬಿಸಿಲಿನಲ್ಲಿ ಕಸಬರಿಗೆಯಿಂದ ಬಳಿಸಿದೆ. ಒಂದು ಕೈ ಸಾಲದು, ಒಣಗಿದ ಮೇಲೆ ಇನ್ನೊಂದು ಕೈ ಬೇಕು. ಬಿರುಕುಗಳಿಗೆ ಹುತ್ತದ ಮಣ್ಣು ಮೆತ್ತಿದೆ. ಸಿಮೆಂಟ್ ಹಾಕಿ ಮುಗಿಸಿ ಎಂದು ಮೇಸ್ತ್ರಿ ಒತ್ತಾಯಿಸಿದ, ನಾನು ಒಪ್ಪಲಿಲ್ಲ. ಈ ಗಿಡಗಳಿಗೆ ಹುಳಿ ನೆಲ ಬೇಕು, ಸಿಮೆಂಟಿನ ಕ್ಷಾರ ಆಗದು.

ಎರಡನೆಯದು ಹೆಚ್ಚು ಮುಖ್ಯ. ಯಂತ್ರದಿಂದ ಕಲ್ಲು ಕತ್ತರಿಸಿದ ತಳ ಮೇಜಿನಷ್ಟು ಸಪಾಟು. ನೀರು ನಿಂತರೂ ಎಲ್ಲ ಕಡೆ ಒಂದೇ ಆಳ. ಒಂದೇ ಆಳವಿದ್ದಲ್ಲಿ ಒಂದೆರಡು ಜಾತಿಗಳು ಗೆದ್ದು ಉಳಿದವನ್ನು ಓಡಿಸುತ್ತವೆ. ಮೂಲ ಬಯಲಿನಲ್ಲಿ ನಾನು ಹಗ್ಗ ಕಟ್ಟಿ, ಅಳತೆ ಕಡ್ಡಿ ಹಿಡಿದು ನೋಡಿದ್ದೆ. ನೆಲ ಒದ್ದೆಯಾಗಿದ್ದು ನೀರು ನಿಲ್ಲದ ಕಡೆ ಡೈಮೇರಿಯಾ, ಗ್ಲಿಫೋಕ್ಲೋವ, ಎರಾಗ್ರೋಸ್ಟಿಸ್ ಎಂಬ ಹುಲ್ಲುಗಳು. ಅರ್ಧ ಬೆರಳಿನಿಂದ ಎರಡು ಬೆರಳು ನೀರಿನಲ್ಲಿ ಎರಿಯೋಕಾಲಾನ್, ಜೊತೆಗೆ ಇಸ್ಕೀಮಮ್, ಸ್ಯಾಕಿಯೋಲೆಪಿಸ್ ಹುಲ್ಲುಗಳು. ನಾಲ್ಕು ಬೆರಳಿಗೆ ಐಸಾಕ್ನೆ ಹುಲ್ಲು ಮತ್ತು ಎಲಿಯೋಕಾರಿಸ್ ಜೇಕು. ಗೇಣು ನೀರಿಗೆ ಹೋದರೆ ನಿಂಫಾಯ್ಡಿಸ್, ರೊಟಾಲಾ ಎಂಬ ನೀರುಗಿಡಗಳು, ಹಳದಿ ಹೂವಿನ ತೇಲುವ ಯುಟ್ರಿಕುಲೇರಿಯಾ, ಕಾಡುಭತ್ತ. ಇಡೀ ವೈವಿಧ್ಯ ಅಡಗಿರುವುದು ಒಂದು ಗೇಣಿನೊಳಗೆ. ಹಾಗಾಗಿ ತಳವನ್ನು ಪಿಕಾಸಿಯಿಂದ ಅಲ್ಲಲ್ಲಿ ತಗ್ಗಿಸಿ, ತೆಗೆದ ಚೂರನ್ನೇ ಪಕ್ಕದಲ್ಲಿ ದಿಣ್ಣೆ ಮಾಡಿ, ಒಂದು ಗೇಣಿನ ಏರಿಳಿತ ತಂದೆ. ನೀರು ಹೊರಹೋಗುವ ಕಡೆ ಎತ್ತಿ ಇಳಿಸಬಹುದಾದ ಒಂದು ಚಪ್ಪಡಿ ಇಟ್ಟೆ. ದಿನಕ್ಕೆ 800 ರೂಪಾಯಿ ಕೂಲಿಯ ಲೆಕ್ಕದಲ್ಲಿ ಈ ಕೆಲಸಕ್ಕೇ ಹದಿನೆಂಟು ಇಪ್ಪತ್ತು ಸಾವಿರ ಆಗಿರಬೇಕು. ಇಡೀ ಯೋಜನೆಯಲ್ಲಿ ಅತಿ ಚೆನ್ನಾಗಿ ಖರ್ಚಾದ ಹಣ ಇದೇ.

ಇನ್ನು ಬೀಜದ ವಿಷಯ. ಸೈಟಿಗೆ ಹೋದ ಬಯಲಿನಿಂದ ಮಾರ್ಚ್ ಕೊನೆಯಲ್ಲಿ ಕೆರೆದ ಮಣ್ಣು ಅರವತ್ತು ಎಪ್ಪತ್ತು ಸಿಮೆಂಟ್ ಚೀಲ ಆಯಿತು. ಹಾರೆ ಹಾಕಬೇಡಿ; ತೆಂಗಿನ ಗರಿಯ ಕಸಬರಿಗೆ ಮತ್ತು ಮೊಂಡು ಕತ್ತಿ ಸಾಕು. ಬೀಜ ಇರುವುದು ಮೇಲಿನ ಪದರದಲ್ಲಿ, ಅರ್ಧ ಬೆರಳಿಗಿಂತ ಕೆಳಗೆ ಹೋದರೆ ಬರೀ ಭಾರ ಹೊತ್ತಂತೆ. ಯಾವ ಆಳದ ಮಣ್ಣು ಎಂದು ಪ್ರತಿ ಚೀಲದ ಮೇಲೂ ಬಣ್ಣದಲ್ಲಿ ಬರೆಸಿದ್ದೆ. ಗೇಣು ಆಳದ ಗುಂಡಿಯ ಮಣ್ಣು ಗೇಣು ಆಳಕ್ಕೇ ಹೋಗಬೇಕು. ಇದಲ್ಲದೆ ಈಗಲೂ ಜೀವಂತ ಇರುವ ಇನ್ನೊಂದು ಕಲ್ಲುಹಾಸಿನಿಂದ, ಅದರ ಹಕ್ಕುದಾರರ ಒಪ್ಪಿಗೆಯಿಂದ, ಅಂಗೈ ಅಗಲದ ಪಟ್ಟಿಗಳಲ್ಲಿ ಸ್ವಲ್ಪ ತೆಗೆದೆ. ಪಟ್ಟಿಗಳ ನಡುವೆ ಮಾರು ದೂರ ಬಿಡಬೇಕು, ಒಮ್ಮೆ ಕೆರೆದಲ್ಲಿ ಮತ್ತೆ ಕೈ ಹಾಕಬಾರದು. ಆ ಜಾಗ ಎಲ್ಲಿದೆ ಎಂದು ಹೇಳುವುದಿಲ್ಲ, ಕೇಳಲೂಬೇಡಿ. ಅಲ್ಲಿರುವ ಎರಡು ಮೂರು ಗಿಡಗಳ ಹೆಸರು ಕೇಳಿದರೆ ಚೀಲ ಹಿಡಿದು ಬರುವವರಿದ್ದಾರೆ.

ಮೊದಲ ವರ್ಷ ಈ ಮಣ್ಣನ್ನು ಹರಡಿದ ಮೂರನೆಯ ರಾತ್ರಿಯೇ ಜಡಿಮಳೆ ಹೊಡೆದು ಅರ್ಧಕ್ಕರ್ಧ ಕೊಚ್ಚಿಕೊಂಡು ಹೋಯಿತು. ಚಪ್ಪಡಿಯಾಚೆಯ ಕಾಲುವೆಯಲ್ಲಿ ಆ ವರ್ಷ ಎರಿಯೋಕಾಲಾನ್ ಪಣೆಗಿಂತ ಚೆನ್ನಾಗಿ ಬಂದಿತ್ತು! ಅದನ್ನು ನೋಡಿಯೇ ನನಗೆ ಭರವಸೆ ಬಂದದ್ದು. ಬೀಜಕ್ಕೆ ಜೀವವಿದೆ, ಹಿಡಿದಿಡುವ ಉಪಾಯ ಬೇಕು ಅಷ್ಟೇ. ಮುಂದಿನ ವರ್ಷ ಮಣ್ಣಿನ ಮೇಲೆ ತೆಳುವಾಗಿ ಕರಡ (ಒಣಹುಲ್ಲು) ಹಾಸಿ, ಅದರ ಮೇಲೆ ಅಡಿಕೆ ಸೋಗೆಯನ್ನು ಅಡ್ಡಡ್ಡ ಇಟ್ಟು ಕಲ್ಲುಚೂರಿನ ಭಾರ ಕೊಟ್ಟೆ. ಕರಡವನ್ನೂ ಇನ್ನೂ ಉಳಿದಿರುವ ಆ ಕಲ್ಲುಹಾಸಿನ ಹುಲ್ಲಿನಿಂದ, ಚಿತ್ತಾ ಮುಗಿದು ಸ್ವಾತಿ ಹಿಡಿಯುವಾಗ ಕೊಯ್ದು ಇಟ್ಟಿದ್ದೆ. ಆಗ ತೆನೆ ಅರೆಬಲಿತು ಕಡ್ಡಿಯಲ್ಲೇ ಇರುತ್ತದೆ. ತಡಮಾಡಿದರೆ ಡೈಮೇರಿಯಾ ಬೀಜವನ್ನೆಲ್ಲ ಉದುರಿಸಿಬಿಡುತ್ತದೆ. ಮಳೆ ಹದವಾಗಿ ನೆಲ ಹಿಡಿದ ಮೇಲೆ, ಆರಿದ್ರಾ ಹೊತ್ತಿಗೆ, ಸೋಗೆಯನ್ನು ಎತ್ತಲೇಬೇಕು. ಎತ್ತದಿದ್ದರೆ ಧೂಳಿನಷ್ಟು ಸಣ್ಣ ಬೀಜಗಳಿಗೆ ಬೆಳಕು ಸಿಗುವುದಿಲ್ಲ. ಅದೇ ಕಾರಣಕ್ಕೆ ಬೀಜದ ಮೇಲೆ ಮಣ್ಣು ಮುಚ್ಚಕೂಡದು. ಇನ್ನು ಆ ಧೂಳುಬೀಜವನ್ನು ಹರಡುವ ಮೊದಲು ನಾನು ಒಂದು ವಸ್ತುವಿನೊಂದಿಗೆ ಕಲಸುತ್ತೇನೆ. ಅದರಿಂದ ಬೀಜ ಕಲ್ಲಿಗೆ ಅಂಟಿ ಕೂರುತ್ತದೆ. ಪ್ರತಿ ಅಡುಗೆಮನೆಯಲ್ಲಿ ಇರುವಂಥದ್ದೇ, ಖರ್ಚಿಲ್ಲ. ಸದ್ಯಕ್ಕೆ ಅದು ನನ್ನಲ್ಲಿಯೇ ಇರಲಿ.

ನಡುವೆ ಮನೆಯ ಹಿತ್ತಲಿನಲ್ಲಿ ಪ್ಲಾಸ್ಟಿಕ್ ಟಬ್ಬುಗಳ ಸಾಲನ್ನೇ ಇಟ್ಟಿದ್ದೆ. ಒಂದೇ ಚೀಲದ ಮಣ್ಣನ್ನು ಹಂಚಿ, ಕೆಲವಕ್ಕೆ ಮಳೆನೀರು, ಕೆಲವಕ್ಕೆ ಬೋರ್‌ವೆಲ್ ನೀರು. ಬೋರ್‌ವೆಲ್ ನೀರಿನವುಗಳಲ್ಲಿ ಪಾಚಿ ಕಟ್ಟಿ ಎರಿಯೋಕಾಲಾನ್ ಹಳದಿಗಟ್ಟಿತು. ಇನ್ನೊಂದು ಪರೀಕ್ಷೆ: ಅರ್ಧ ಮಣ್ಣನ್ನು ಬೇಸಿಗೆಯಿಡೀ ಅಟ್ಟದ ನೆರಳಿನಲ್ಲಿ, ಅರ್ಧವನ್ನು ಅಂಗಳದ ಬಿಸಿಲಿನಲ್ಲಿ ಇಟ್ಟೆ. ಬಿಸಿಲು ತಿಂದ ಮಣ್ಣಿನಲ್ಲಿ ಮೊಳಕೆ ಎರಡು ಮೂರು ಪಟ್ಟು. ಚೀಲ ಕಟ್ಟಿ ಜೋಪಾನವಾಗಿ ನೆರಳಿನಲ್ಲಿಡುವ ಅಭ್ಯಾಸ ಇರುವವರು ಇದನ್ನು ಗಮನಿಸಿ. ಕಾರ್ತಿಕದಲ್ಲಿ ಬೇಣ ಮೇಯ್ದು ಬಂದ ನಮ್ಮ ಹಸುವಿನ ಸಗಣಿಯನ್ನೂ ಒಣಗಿಸಿಟ್ಟು ಟಬ್ಬಿಗೆ ಹಾಕಿದ್ದೆ. ಅದರಿಂದ ಹಾರಕದ ಕಾಡುಜಾತಿ ಮತ್ತು ಫಿಂಬ್ರಿಸ್ಟೈಲಿಸ್ ಜೇಕು ಧಾರಾಳವಾಗಿ ಎದ್ದವು, ಇಸ್ಕೀಮಮ್ ಕೂಡ ಒಂದೆರಡು. ಯುಟ್ರಿಕುಲೇರಿಯಾ ಒಂದೂ ಇಲ್ಲ. ದನ ತಿನ್ನದ್ದು ಸಗಣಿಯಲ್ಲಿ ಹೇಗೆ ಬಂದೀತು? ಆದರೂ ಈ ದಾರಿ ಹುಲ್ಲಿಗೆ ಒಳ್ಳೆಯದು, ಯಾರಾದರೂ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಬೇಕು.

ಐಸೋಯಿಟಿಸ್ ಎಂಬ ನೀರುಗಿಡ ಬಂದದ್ದು ನನಗೆ ಎಲ್ಲಕ್ಕಿಂತ ಹೆಮ್ಮೆ. ನೋಡಲು ಹುಲ್ಲು ಅಥವಾ ಎಳೆ ಜೇಕು, ಹಾಗಾಗಿ ಬಹಳ ಮಂದಿ ದಾಟಿಕೊಂಡು ಹೋಗುತ್ತಾರೆ. ಅದಕ್ಕೆ ಹೂವಿಲ್ಲ, ಬೀಜವಿಲ್ಲ. ಬೀಜದ ಬದಲು ಎಲೆಯ ಬುಡದ ಉಬ್ಬಿನಲ್ಲಿ ಬೀಜಕಣಗಳು (ಸ್ಪೋರ್) ಇರುತ್ತವೆ. ಅಂಚಿನ ಮಣ್ಣಿನಿಂದ ಇದು ಬರುವುದೇ ಇಲ್ಲ, ಗುಂಡಿಯ ನಟ್ಟನಡುವಿನ ಕೆಸರೇ ಬೇಕು. ನನ್ನ ಪಣೆಯಲ್ಲಿ ಎರಡನೆಯ ಮಳೆಗಾಲದ ಕೊನೆಗೆ ಐದಾರು ಕಂಡಿದ್ದವು, ಈಗ ಒಂದು ಗುಂಡಿಯ ತುಂಬ ಇವೆ. ಗ್ಲಿಫೋಕ್ಲೋವ ಮಾತ್ರ ಇನ್ನೂ ಬಡಕಲಾಗಿದೆ. ಪರ್ಯಾಯದ್ವೀಪ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹುಲ್ಲಿನ ಕುಲ ಅದು, ಅದಕ್ಕಾಗಿ ಎಷ್ಟು ಕಾದರೂ ಬೇಸರವಿಲ್ಲ. ಕಾಡುಭತ್ತ ಮೊದಲ ವರ್ಷವೇ ಬಂದು ಹಕ್ಕಿಗಳ ಪಾಲಾಯಿತು, ಆಮೇಲೆ ತಾನೇ ನೆಲೆಯೂರಿತು.

ನೋಡಿಕೊಳ್ಳುವ ಕೆಲಸ ಕಡಿಮೆ, ಆದರೆ ತಪ್ಪಿಸುವಂತಿಲ್ಲ. ಪುನರ್ವಸು ಹೊತ್ತಿಗೆ ಅಂಚಿನ ಯುಪಟೋರಿಯಂ ಮತ್ತು ಅಕೇಶಿಯಾ ಸಸಿಗಳನ್ನು ಬೇರುಸಹಿತ ಕೀಳಿಸುತ್ತೇನೆ. ತೋಟದ ಅಲಂಕಾರಕ್ಕೆ ತಂದ ಹಳದಿ ಹೂವಿನ ವೆಡೇಲಿಯಾ ಒಂದು ತುಂಡು ಬಿದ್ದರೂ ಮುಗಿಯಿತು, ಅದರ ಮೇಲೆ ಕಣ್ಣಿಟ್ಟಿರಬೇಕು. ಸ್ವಾತಿ ಕಳೆದ ಮೇಲೆ ಹಸುಗಳನ್ನು ಒಂದು ವಾರ ಬಿಡುತ್ತೇನೆ. ಪೂರ್ತಿ ಬೇಲಿ ಹಾಕಿ ದನ ತಡೆದ ತುಂಡಿನಲ್ಲಿ ಎತ್ತರದ ಹುಲ್ಲು ಒರಗಿ ಸಣ್ಣ ಗಿಡಗಳೆಲ್ಲ ಮಾಯವಾದವು. ಹಸು ಮೇಯ್ದ ತುಂಡಿನಲ್ಲಿ ಜಾತಿಗಳ ಸಂಖ್ಯೆ ಹೆಚ್ಚು. ಇದನ್ನು ನಂಬದವರು ನಮ್ಮಲ್ಲಿ ಇನ್ನೂ ಇದ್ದಾರೆ, ಎರಡೂ ತುಂಡುಗಳನ್ನು ಪಕ್ಕಪಕ್ಕದಲ್ಲಿ ತೋರಿಸಲು ನಾನು ಸಿದ್ಧ. ಒಣಹುಲ್ಲಿಗೆ ಬೆಂಕಿ ಹಚ್ಚುವುದು ಮಾತ್ರ ಬೇಡ.

ಒಟ್ಟು ಖರ್ಚು, ಮೊದಲಿನ ಟಿಪ್ಪರ್ ಮಣ್ಣು ಸೇರಿ, ಎಂಬತ್ತು ಸಾವಿರದ ಹತ್ತಿರ. ಆ ದಾರಿ ಬಿಟ್ಟು ನೇರವಾಗಿ ಶೇಡಿ, ಏರಿಳಿತ, ಕೆರೆದ ಮಣ್ಣು, ಕರಡ ಎಂದು ಹೋದರೆ ಇಷ್ಟೇ ಜಾಗಕ್ಕೆ ನಲವತ್ತೈದು ಸಾವಿರದಲ್ಲಿ ಆಗಬೇಕು. ಆದಾಯ ಎಂದರೆ ಒಂದೆರಡು ಹೊರೆ ಕರಡ. ನನ್ನ ಭಾವನಿಗೆ ಈ ಲೆಕ್ಕ ಇಂದಿಗೂ ಒಪ್ಪಿಗೆಯಿಲ್ಲ. "ಅಷ್ಟು ದುಡ್ಡಿಗೆ ಎರಡು ಎಕರೆ ಗೇರು ಏಳುತ್ತಿತ್ತಲ್ಲ ಭಾವ" ಎನ್ನುತ್ತಾನೆ. ಆದರೆ ಕಳೆದ ಮಘಾ ಮಳೆಯಲ್ಲಿ ತನ್ನ ಮೊಮ್ಮಗಳಿಗೆ ಡ್ರೊಸೆರಾ ತೋರಿಸಲು ಕೊಡೆ ಹಿಡಿದು ಕರೆದುಕೊಂಡು ಬಂದವನೂ ಅವನೇ.

ಈ ಬೇಸಿಗೆಯಲ್ಲಿ ಪಕ್ಕದವರ ಹತ್ತು ಗುಂಟೆಯ ಪಣೆಗೆ ಶೇಡಿ ಬಳಿಯುವುದಿದೆ. ಮಣ್ಣನ್ನು ಈ ಸಲ ನನ್ನ ಪಣೆಯಿಂದಲೇ ಪಟ್ಟಿಪಟ್ಟಿಯಾಗಿ ಕೊಡುತ್ತೇನೆ. ಸೈಟಿಗೋ ರಸ್ತೆಗೋ ಹೋಗುತ್ತಿರುವ ಕಲ್ಲುಹಾಸು ನಿಮ್ಮ ಊರಿನಲ್ಲಿದ್ದರೆ ಮಾರ್ಚ್ ಒಳಗೆ ಮಾಲೀಕರನ್ನು ಮಾತಾಡಿಸಿ ಚೀಲ ತುಂಬಿಸಿಕೊಳ್ಳಿ. ಪಣೆ ಆಮೇಲೆ ಹುಡುಕಬಹುದು. ಬಿಸಿಲಿನಲ್ಲಿ ಒಣಗಿಸಿ, ಗಾಳಿಯಾಡುವ ಚೀಲದಲ್ಲಿಟ್ಟ ಮಣ್ಣು ನನ್ನ ಬಳಿ ಎರಡು ವರ್ಷದ ಮೇಲೂ ಮೊಳೆತಿದೆ.