ಡೆಕ್ಕನ್ ಹಾರ್ಸ್‌ನ ಶೆರ್ಮನ್: ರಿಮೋಟ್ ಟ್ಯಾಂಕ್ ಕಟ್ಟಿದ ನನ್ನ ಅನುಭವ

ಶೆರ್ಮನ್ ಅಂದರೆ ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕ್, ಅದರಲ್ಲಿ ಹಲವು ಮಾದರಿಗಳಿವೆ. ರಿಮೋಟ್‌ನಲ್ಲಿ ಓಡುವ 1/16 ಅಳತೆಯ (ಅಸಲಿಗಿಂತ 16 ಪಟ್ಟು ಚಿಕ್ಕ) ಶೆರ್ಮನ್ ಕೊಳ್ಳಲು ಹೋದರೆ ಸಾಮಾನ್ಯವಾಗಿ ಕೈಗೆ ಸಿಗುವುದು ಎಂ4ಎ3 ಮಾದರಿ. ಅಮೆರಿಕದ ಸೈನ್ಯ ಯುರೋಪಿನಲ್ಲಿ ಓಡಿಸಿದ ಟ್ಯಾಂಕ್ ಅದು. ನನಗೆ ಬೇಕಿದ್ದದ್ದು ಎಂ4ಎ4. 1945ರ ಫೆಬ್ರವರಿ, ಮಾರ್ಚ್‌ನಲ್ಲಿ ಬರ್ಮಾದ ಮೇಕ್ಟಿಲಾ ಪಟ್ಟಣಕ್ಕೆ ನುಗ್ಗಿದ 255ನೇ ಇಂಡಿಯನ್ ಟ್ಯಾಂಕ್ ಬ್ರಿಗೇಡ್ ಬಳಸಿದ್ದು ಇದನ್ನೇ. ಓಡಿಸಿದವರು ಪ್ರೋಬಿನ್ಸ್ ಹಾರ್ಸ್ ಮತ್ತು ರಾಯಲ್ ಡೆಕ್ಕನ್ ಹಾರ್ಸ್ ರೆಜಿಮೆಂಟುಗಳ ಸವಾರರು. ಡೆಕ್ಕನ್ ಹಾರ್ಸ್ ಅಂದರೆ ಹೈದರಾಬಾದ್ ನಿಜಾಮರ ಕಾಲದ ಕುದುರೆ ಪಡೆಯಿಂದ ಬೆಳೆದುಬಂದ ರೆಜಿಮೆಂಟ್. ನಮ್ಮ ಹವ್ಯಾಸಿಗಳ ಕಪಾಟಿನಲ್ಲಿ ಜರ್ಮನ್ ಟೈಗರ್‌ಗಳೇ ಜಾಸ್ತಿ. ನಮ್ಮವರು ಕೂತು ಓಡಿಸಿದ ಟ್ಯಾಂಕೂ ಒಂದು ಇರಲಿ ಅನ್ನುವುದು ನನ್ನ ಆಸೆಯಾಗಿತ್ತು.

ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ, ಎಲ್ಲ ಶುರುವಾಗುವುದು ಎಂಜಿನ್‌ನಿಂದ. ಕ್ರೈಸ್ಲರ್ ಕಂಪನಿ ಆರು ಸಿಲಿಂಡರಿನ ಐದು ಕಾರ್ ಎಂಜಿನ್‌ಗಳನ್ನು ಸೇರಿಸಿ ಒಂದೇ ಎಂಜಿನ್ ಮಾಡಿತು. ಒಟ್ಟು 30 ಸಿಲಿಂಡರ್, ಹೆಸರು ಮಲ್ಟಿಬ್ಯಾಂಕ್. ಅಷ್ಟು ದೊಡ್ಡದು ಮಾಮೂಲಿ ಶೆರ್ಮನ್ ಒಳಗೆ ಹಿಡಿಸಲಿಲ್ಲ. ಹಾಗಾಗಿ ಹಲ್ ಅನ್ನೇ, ಅಂದರೆ ಟ್ಯಾಂಕಿನ ಕೆಳಮೈಯನ್ನೇ, 11 ಇಂಚು ಉದ್ದ ಮಾಡಿದರು. ಎರಡೆರಡು ಚಕ್ರ ಹಿಡಿದ ಸ್ಪ್ರಿಂಗ್ ಚೌಕಟ್ಟುಗಳು, ಅಂದರೆ ಬೋಗಿಗಳು, ಒಂದರಿಂದ ಒಂದು ದೂರ ಸರಿದವು. ಒಂದು ಪಕ್ಕದ ಟ್ರ್ಯಾಕಿನ (ಚಕ್ರಗಳನ್ನು ಸುತ್ತುವ ಸರಪಳಿ ಪಟ್ಟಿಯ) ಕೊಂಡಿಗಳು 79ರಿಂದ 83ಕ್ಕೆ ಏರಿದವು. ರೇಡಿಯೇಟರ್ ಮತ್ತು ಫ್ಯಾನ್‌ಗೆ ಜಾಗ ಸಾಲದೆ ಎಂಜಿನ್ ಮುಚ್ಚಳದ ಮೇಲೊಂದು, ಹೊಟ್ಟೆಯ ಕೆಳಗೊಂದು ಉಬ್ಬು ಬಂತು. ಪಕ್ಕದಿಂದ ನೋಡಿದಾಗ ಬೋಗಿಗಳ ನಡುವೆ ಅಗಲವಾದ ಬಯಲು ಕಂಡರೆ ಅದೇ ಎಂ4ಎ4. ಇದೊಂದು ಸರಿ ಬರದಿದ್ದರೆ ಮೇಲೆ ಎಷ್ಟು ಸಿಂಗಾರ ಮಾಡಿದರೂ ಆ ಟ್ಯಾಂಕ್ ಆಗುವುದಿಲ್ಲ.

11 ಇಂಚನ್ನು 16ರಿಂದ ಭಾಗಿಸಿದರೆ ಹದಿನೇಳೂವರೆ ಮಿಲಿಮೀಟರ್. ಅಷ್ಟಕ್ಕಾಗಿ ಹೊಸ ಟ್ಯಾಂಕನ್ನು ಗರಗಸದಿಂದ ಕೊಯ್ಯಬೇಕು. ಒಂದು ಸಮಾಧಾನ ಇದೆ. ಶೆರ್ಮನ್‌ನಲ್ಲಿ ಎಂಜಿನ್ ಹಿಂದೆ ಇದ್ದರೂ ಗೇರ್‌ಬಾಕ್ಸ್ ಮತ್ತು ಹಲ್ಲಿನ ಚಕ್ರ ಮುಂದಿರುತ್ತವೆ. ಮಾದರಿಯಲ್ಲೂ ಹಾಗೇ. ಮೋಟಾರು, ಗೇರುಗಳ ತಂಟೆಗೆ ಹೋಗದೆ ಅವುಗಳಿಂದ ಹಿಂದಿನ ಭಾಗವನ್ನಷ್ಟೇ ಉದ್ದ ಮಾಡಬಹುದು.

ನಾನು ಒಂದೇ ಕಡೆ ಕೊಯ್ಯಲಿಲ್ಲ. ಮೂರು ಬೋಗಿಗಳ ನಡುವೆ ಎರಡು ಜಾಗ ಇವೆಯಲ್ವಾ, ಎರಡರಲ್ಲೂ ಕೊಯ್ದು ಒಂಬತ್ತು ಮಿಲಿಮೀಟರಿಗೆ ಸ್ವಲ್ಪ ಕಮ್ಮಿ ಅಗಲದ ಪ್ಲಾಸ್ಟಿಕ್ ಪಟ್ಟಿ ಕೂರಿಸಿದೆ. ಕೊಯ್ಯುವ ಮೊದಲು ಹಲ್ ಸುತ್ತ ಅಗಲವಾದ ಟೇಪ್ ಸುತ್ತಿ, ಅದರ ಅಂಚನ್ನೇ ಗೆರೆಯಾಗಿ ಇಟ್ಟುಕೊಂಡೆ. ತೆಳು ಅಲಗಿನ ಗರಗಸ, ಅವಸರವಿಲ್ಲದ ಕೈ. ತುಂಡುಗಳನ್ನು ಜೋಡಿಸಿದ್ದು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ. ಮನೆಯಲ್ಲಿ ಅದಕ್ಕಿಂತ ಸಮತಟ್ಟಾದ ಜಾಗ ಇನ್ನೊಂದಿಲ್ಲ. ಒಳಗೋಡೆಗೆ ಉದ್ದಕ್ಕೂ ಹಿತ್ತಾಳೆಯ ಎಲ್ ಪಟ್ಟಿ ಇಟ್ಟು, ಸಣ್ಣ ಸ್ಕ್ರೂ ಹಾಕಿ, ಎಪಾಕ್ಸಿ ಅಂಟು ತುಂಬಿದೆ. ಬರೀ ಅಂಟು ನಂಬುವ ಹಾಗಿಲ್ಲ. ಟ್ರ್ಯಾಕಿನ ಎಳೆತ ದಿನವೂ ಆ ಬೆಸುಗೆಯ ಮೇಲೇ ಬೀಳುತ್ತದೆ. ಅಂಟು ಒಣಗುವ ಮೊದಲು ಒಂದೊಂದು ಚಕ್ರದ ಕೆಳಗೂ ತೆಳು ಕಾಗದ ತೂರಿಸಿ ನೋಡಿದೆ. ಎಲ್ಲ ಚಕ್ರಗಳೂ ಒಂದೇ ಬಿಗಿಯಲ್ಲಿ ಕಾಗದ ಹಿಡಿದರೆ ಹಲ್ ತಿರುಚಿಕೊಂಡಿಲ್ಲ ಅಂತ ಅರ್ಥ.

ಮುಖವೂ ಬೇರೆ. ಎಂ4ಎ4ರ ಮುಂದಿನ ತಗಡು ಜಾಸ್ತಿ ಹಿಂದಕ್ಕೆ ಬಾಗಿದೆ. ನೇರ ನಿಂತ ಗೆರೆಯಿಂದ ಅಳೆದರೆ 56 ಡಿಗ್ರಿ. ನನ್ನ ಬಾಕ್ಸಿನಲ್ಲಿ ಬಂದದ್ದು 47 ಡಿಗ್ರಿಯದು. ಅದನ್ನು ತೆಗೆದು ದಪ್ಪ ಪ್ಲಾಸ್ಟಿಕ್ ಶೀಟಿನಲ್ಲಿ ಹೊಸದು ಮಾಡಿದೆ. ಡ್ರೈವರ್ ತಲೆಯ ಮುಂದೆ ಚಾಚಿಕೊಂಡ ಎರಡು ಗೂಡುಗಳನ್ನು ಎಂ-ಸೀಲ್‌ನಲ್ಲಿ (ಕಲಸಿ ಹಚ್ಚುವ ಎಪಾಕ್ಸಿ ಮೇಣ) ತಿದ್ದಿದೆ.

ವೆಲ್ಡಿಂಗ್ ಗೆರೆಗಳಿಗೂ ಎಂ-ಸೀಲೇ. ಚೆನ್ನಾಗಿ ಕಲಸಿ ಶಾವಿಗೆಯಷ್ಟು ತೆಳ್ಳಗೆ ಹೊಸೆದು, ತಗಡುಗಳು ಸೇರುವ ಕಡೆ ಇಟ್ಟು, ಸ್ವಲ್ಪ ಬಿಗಿಯಾಗುವವರೆಗೆ ಬಿಡಬೇಕು. ಆಮೇಲೆ ನೀರಲ್ಲಿ ಅದ್ದಿದ ಟೂತ್‌ಪಿಕ್ ತುದಿಯಿಂದ ಒಂದರ ಪಕ್ಕ ಒಂದು ಅರ್ಧಚಂದ್ರ ಒತ್ತುತ್ತಾ ಹೋಗಬೇಕು. ಅಹ್ಮದ್‌ನಗರದಲ್ಲಿ (ಈಗ ಅಹಿಲ್ಯಾನಗರ) ಸೈನ್ಯದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ, 1994ರಲ್ಲಿ ಶುರುವಾದದ್ದು. ಅಲ್ಲಿನ ಹಳೆಯ ಟ್ಯಾಂಕುಗಳ ಹತ್ತಿರ ನಿಂತು ನೋಡಿದರೆ ಗೊತ್ತಾಗುತ್ತದೆ, ಯಾವ ವೆಲ್ಡಿಂಗೂ ಒಂದೇ ಸಮ ಇರುವುದಿಲ್ಲ. ಎಲ್ಲೋ ದಪ್ಪ, ಎಲ್ಲೋ ತೆಳು, ಮೂಲೆಯಲ್ಲಿ ಗುಡ್ಡೆ. ಅದನ್ನು ನೋಡಿದ ಮೇಲೆ ನನ್ನ ಕೈ ಸಲೀಸಾಯಿತು. ಟರೆಟ್, ಅಂದರೆ ಫಿರಂಗಿ ಇರುವ ತಿರುಗುವ ಗೋಪುರ, ಎರಕ ಹೊಯ್ದದ್ದು, ಮೈ ತರಿತರಿ. ಪ್ಲಾಸ್ಟಿಕ್ ಕರಗಿಸುವ ದ್ರವ ಅಂಟನ್ನು ಸವರಿ, ಮೇಲ್ಮೈ ಮೆತ್ತಗಾದಾಗ ಗಡಸು ಬ್ರಷ್‌ನಿಂದ ಕುಟ್ಟಿದರೆ ಅದೇ ತರಿ ಬರುತ್ತದೆ.

ಕಪಾಟಿನಲ್ಲಿಡುವ ಮಾದರಿಗೂ ಓಡುವ ಮಾದರಿಗೂ ಇಲ್ಲೇ ದಾರಿ ಬೇರೆಯಾಗುವುದು. ಓಡುವಾಗ ಅದುರುತ್ತದೆ, ಹುಲ್ಲು ತಗಲುತ್ತದೆ, ಎತ್ತುವವರ ಬೆರಳು ಎಲ್ಲೆಂದರಲ್ಲಿ ಬೀಳುತ್ತದೆ. ಹಿಡಿಕೆಗಳನ್ನೆಲ್ಲ ತಾಮ್ರದ ತಂತಿಯಲ್ಲಿ ಮಾಡಿ, ತೂತು ಕೊರೆದು, ತುದಿಯನ್ನು ಒಳಗೆ ಬಗ್ಗಿಸಿ ಅಂಟಿಸಿದೆ. ಆಂಟೆನಾಗೆ ಗಿಟಾರ್ ತಂತಿ. ಬಾಗಿದರೂ ಎದ್ದು ನಿಲ್ಲುತ್ತದೆ. ಎಳೆಯುವ ಹಗ್ಗಕ್ಕೆ ಸೈಕಲ್ ಬ್ರೇಕಿನ ಒಳತಂತಿ. ಅದು ಸುಮ್ನೆ ಮಲಗುವುದಿಲ್ಲ. ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ ತಾನಾಗಿ ತಣ್ಣಗಾಗಲು ಬಿಟ್ಟರೆ ಹೇಳಿದ ಹಾಗೆ ಕೇಳುತ್ತದೆ.

ತೂಕದ ಮಾತು ತುಂಬ ಜನ ಬಿಟ್ಟುಬಿಡುತ್ತಾರೆ. ಅಸಲಿ ಟ್ಯಾಂಕ್ ಸುಮಾರು 32 ಟನ್. ಉದ್ದ, ಅಗಲ, ಎತ್ತರ ಮೂರೂ 16 ಪಟ್ಟು ಚಿಕ್ಕದಾಗುವುದರಿಂದ 16ನ್ನು 16ರಿಂದ ಎರಡು ಸಲ ಗುಣಿಸಿ, ಅದರಿಂದ ಭಾಗಿಸಿದರೆ ಮಾದರಿಗೆ ಎಂಟು ಕಿಲೋ ಹತ್ತಿರ ಬರುತ್ತದೆ. ಪ್ಲಾಸ್ಟಿಕ್ ಹಲ್ ಅಷ್ಟು ತೂಗುವುದೇ ಇಲ್ಲ. ಹಗುರವಾದ ಟ್ಯಾಂಕ್ ಕಲ್ಲು ಸಿಕ್ಕಿದರೆ ಇಡೀ ಮೈ ಹಾರಿಸುತ್ತದೆ. ತೂಕ ಇದ್ದರೆ ಬೋಗಿಯ ಸ್ಪ್ರಿಂಗ್ ಮಾತ್ರ ಕುಸಿದು, ಮೈ ಹಾಗೇ ತೇಲಿಕೊಂಡು ಹೋಗುತ್ತದೆ. ಲೋಹದ ಟ್ರ್ಯಾಕ್ ಹಾಕಿದೆ. ಕಾರ್ ಚಕ್ರಕ್ಕೆ ಅಂಟಿಸುವ ಬ್ಯಾಲೆನ್ಸಿಂಗ್ ಸೀಸವನ್ನು ಹಲ್ ತಳಕ್ಕೆ ಹಾಸಿದೆ. ಎಂಟು ಕಿಲೋ ಮುಟ್ಟಿಸಲು ಹೋಗಲಿಲ್ಲ. ಮೋಟಾರು ಬಿಸಿಯಾಗದೆ ದಿಣ್ಣೆ ಹತ್ತುವಷ್ಟಕ್ಕೆ ನಿಲ್ಲಿಸಿದೆ. ಆದರೆ ಸ್ಪ್ರಿಂಗ್‌ಗಳು ಈಗ ಕೆಲಸ ಮಾಡುತ್ತವೆ. ಅದನ್ನು ನೆಲಕ್ಕೆ ಕಣ್ಣಿಟ್ಟು ನೋಡುವುದೇ ಒಂದು ಖುಷಿ.

ಬಣ್ಣ ಆಲಿವ್ ಡ್ರ್ಯಾಬ್, ಮೇಲೆ ಬಿಳಿ ನಕ್ಷತ್ರ. ಬರ್ಮಾ ಅಂದಕೂಡಲೇ ಕೆಸರು ಬಳಿಯುವವರು ಜಾಸ್ತಿ. ಮೇಕ್ಟಿಲಾ ಇರುವುದು ಮಧ್ಯ ಬರ್ಮಾದ ಒಣಪ್ರದೇಶದಲ್ಲಿ, ಯುದ್ಧ ನಡೆದದ್ದು ಮಳೆಗಾಲಕ್ಕೆ ಮುಂಚೆ. ಅಲ್ಲಿ ಬೇಕಾದದ್ದು ಧೂಳು. ಕಂದು, ಬೂದು ಪ್ಯಾಸ್ಟೆಲ್ ಚಾಕ್ ಪುಡಿ ಮಾಡಿ, ಥಿನ್ನರ್‌ನಲ್ಲಿ ಕದಡಿ, ಮೂಲೆಗಳಿಗೆ ಬಿಟ್ಟೆ. ಚಕ್ರ ಮತ್ತು ಟ್ರ್ಯಾಕ್‌ಗೆ ಏನೂ ಬಳಿಯಲಿಲ್ಲ. ಮೈದಾನದಲ್ಲಿ ಓಡಿದಂತೆ ಅವಕ್ಕೆ ನಿಜವಾದ ಧೂಳೇ ಬರುತ್ತದೆ, ನಿಜವಾಗಿಯೇ ಸವೆಯುತ್ತವೆ.

ಓಡಿಸುವುದೂ ಮಾದರಿಯ ಕೆಲಸವೇ. ಶೆರ್ಮನ್ ನಿಂತಲ್ಲೇ ಗಿರಕಿ ಹೊಡೆಯುವ ಟ್ಯಾಂಕ್ ಅಲ್ಲ. ಎರಡು ಟ್ರ್ಯಾಕಿಗೂ ಎಂಜಿನ್ ಬಲ ಹಂಚುವ ಅದರ ಗೇರಿನಲ್ಲಿ (ಡಿಫರೆನ್ಶಿಯಲ್) ಎರಡು ಟ್ರ್ಯಾಕೂ ಮುಂದಕ್ಕೇ ಓಡುತ್ತವೆ, ಒಂದು ನಿಧಾನ, ಇನ್ನೊಂದು ಜೋರು. ತಿರುಗಲು ಸುಮಾರು 20 ಮೀಟರ್ ಅಗಲದ ಸುತ್ತು ಬೇಕು. ಅಂದರೆ ನನ್ನ ಮಾದರಿಗೆ ಒಂದೂಕಾಲು ಮೀಟರ್. ರಿಮೋಟ್ ಕಡ್ಡಿಯನ್ನು ಪೂರ್ತಿ ಪಕ್ಕಕ್ಕೆ ಎಳೆಯದೆ ಅಷ್ಟಗಲದ ಸುತ್ತಿನಲ್ಲೇ ತಿರುಗಿಸುತ್ತೇನೆ. ವೇಗವೂ ಅಷ್ಟೇ. ಗಂಟೆಗೆ 40 ಕಿಲೋಮೀಟರ್ ಅಂದರೆ ಈ ಅಳತೆಯಲ್ಲಿ ಎರಡೂವರೆ. ನಾವು ನಡೆಯುವುದಕ್ಕಿಂತ ನಿಧಾನ.

ಉಳಿದಿರುವುದು ಶಬ್ದ. ಜತೆಗೆ ಬಂದ ಸರ್ಕ್ಯೂಟ್ ಬೋರ್ಡಿನ ಶಬ್ದ 30 ಸಿಲಿಂಡರಿನದ್ದಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ ತಂದ ದೊಡ್ಡ ಸ್ಪೀಕರನ್ನು ಎಂಜಿನ್ ಜಾಗದಲ್ಲಿ ಕೆಳಮುಖವಾಗಿ ಕೂರಿಸಿದ್ದೇನೆ. ಮಲ್ಟಿಬ್ಯಾಂಕಿನ ಒಳ್ಳೆಯ ರೆಕಾರ್ಡಿಂಗ್ ಹಾಕಲು ಬೇರೆ ಸೌಂಡ್ ಕಾರ್ಡಿಗೂ ಪಕ್ಕದಲ್ಲೇ ಜಾಗ ಬಿಟ್ಟಿದ್ದೇನೆ.