ಬ್ಯಾಕ್‌ಹೋ ಟ್ರಾಕ್ಟರಿಗೆ ಇನ್ನೊಂದು ವಾಲ್ವ್ ಕೂರಿಸುವುದು ಹೇಗೆ?

ಕಲ್ಲು, ಮರದ ಬೊಡ್ಡೆ ಹಿಡಿಯಲು ಬಕೆಟ್ಟಿನ ಎದುರಿಗೆ ಹೈಡ್ರಾಲಿಕ್ ಥಂಬ್ (ಹೆಬ್ಬೆರಳಿನಂತೆ ಒತ್ತಿ ಹಿಡಿಯುವ ತೋಳು) ಹಾಕಿದರೆ ಅದರ ಸಿಲಿಂಡರಿಗೆ ಪ್ರತ್ಯೇಕ ಲಿವರ್ ಬೇಕು. ಇಲ್ಲಿ ಹೇಳುವುದೆಲ್ಲ ಗೇರ್ ಪಂಪ್ ಇರುವ ಓಪನ್ ಸೆಂಟರ್ (ಲಿವರ್ ನಡುವಿನಲ್ಲಿದ್ದಾಗ ಪಂಪಿನ ಎಣ್ಣೆ ವಾಲ್ವ್ ಮೂಲಕ ಹರಿಯುತ್ತಲೇ ಇರುವ) ಟ್ರಾಕ್ಟರಿಗೆ ಮಾತ್ರ. ಬೇಕಾದಷ್ಟೇ ಎಣ್ಣೆ ಕೊಡುವ ಲೋಡ್ ಸೆನ್ಸಿಂಗ್ ಪಂಪಿಗೆ ಈ ಜೋಡಣೆ ಹೊಂದುವುದಿಲ್ಲ.

ಡಬಲ್ ಆಕ್ಟಿಂಗ್ (ಸಿಲಿಂಡರನ್ನು ಎರಡೂ ಕಡೆಗೆ ಆಡಿಸುವ), ಸ್ಪ್ರಿಂಗಿನಿಂದ ನಡುವಿಗೆ ಮರಳುವ ಒಂದು ಸ್ಪೂಲಿನ (ಒಳಗೆ ಜಾರಿ ಎಣ್ಣೆಯ ದಾರಿ ಬದಲಿಸುವ ದಂಡ) ವಾಲ್ವ್ ಕೊಳ್ಳಿ. ಮೋಟಾರ್ ಸ್ಪೂಲ್ ಬೇಡ. ಅದರಲ್ಲಿ ಲಿವರ್ ಬಿಟ್ಟೊಡನೆ ಸಿಲಿಂಡರಿನ ಎರಡೂ ಪೋರ್ಟ್ ಟ್ಯಾಂಕಿಗೆ ತೆರೆದುಕೊಳ್ಳುವುದರಿಂದ ಥಂಬ್ ಜೋತುಬೀಳುತ್ತದೆ. ಕೊಂಡ ವಾಲ್ವಿನ ಮಾದರಿಗೇ ಹೊಂದುವ ಪವರ್ ಬಿಯಾಂಡ್ ಸ್ಲೀವನ್ನೂ (ಪಂಪಿನ ಎಣ್ಣೆಯನ್ನು ಮುಂದಿನ ವಾಲ್ವಿಗೆ ದಾಟಿಸುವ ಭಾಗ) ಜೊತೆಗೇ ತನ್ನಿ.

ಹೊಸ ವಾಲ್ವ್ ಪಂಪ್ ಮತ್ತು ಬ್ಯಾಕ್‌ಹೋ ವಾಲ್ವ್ ನಡುವೆ ಬರಬೇಕು. ಪಂಪಿನ ಹೋಸ್ ಹೊಸದರ ಪಿ (ಎಣ್ಣೆ ಒಳಬರುವ) ಪೋರ್ಟಿಗೆ, ಪವರ್ ಬಿಯಾಂಡ್ ಹೋಸ್ ಹಳೆಯದರ ಪಿ ಪೋರ್ಟಿಗೆ, ಹೊಸದರ ಟಿ ಪೋರ್ಟ್ ನೇರ ಟ್ಯಾಂಕಿಗೆ. ಹೆಚ್ಚು ಜನ ಎಡವುವುದು ಇಲ್ಲೇ. ಒಂದು ಹೋಸ್ ಉಳಿಸಲು ಮೊದಲ ವಾಲ್ವಿನ ಟಿ ಪೋರ್ಟಿನಿಂದಲೇ ಮುಂದಿನ ವಾಲ್ವಿಗೆ ಎಣ್ಣೆ ಕೊಟ್ಟರೆ, ಮುಂದಿನದು ಕೆಲಸ ಮಾಡುವಾಗ ಪೂರ್ತಿ ಒತ್ತಡ ಮೊದಲನೆಯದರ ಟ್ಯಾಂಕ್ ಬದಿಗೆ ಬೀಳುತ್ತದೆ. ಆ ಬದಿ ಅಷ್ಟು ತಡೆಯುವಂತೆ ಮಾಡಿದ್ದಲ್ಲ. ಸ್ಪೂಲ್ ಸೀಲ್ ಹಾರುತ್ತದೆ, ಬಾಡಿಯೇ ಸೀಳಬಹುದು. ಸ್ಲೀವ್ ಹಾಕಿ ಟಿ ಪೋರ್ಟಿಗೆ ಪ್ಲಗ್ ಬಿಗಿದರೂ ತಪ್ಪೇ: ಸಿಲಿಂಡರಿನಿಂದ ಮರಳುವ ಎಣ್ಣೆಗೂ ರಿಲೀಫ್ (ಮಿತಿ ಮೀರಿದ ಒತ್ತಡ ಬಿಡುವ ವಾಲ್ವ್) ಬಿಡುವ ಎಣ್ಣೆಗೂ ದಾರಿಯಿರುವುದಿಲ್ಲ.

ನಿಮಿಷಕ್ಕೆ 30 ಲೀಟರ್ ಹರಿವಿಗೆ ಪ್ರೆಷರ್ ಹೋಸ್ ಅರ್ಧ ಇಂಚು, ಎರಡು ತಂತಿ ಹೆಣಿಗೆಯದು. ರಿಟರ್ನ್ ಮುಕ್ಕಾಲು ಇಂಚು. ಬಿಎಸ್‌ಪಿ ಸಮಾನಾಂತರ ಥ್ರೆಡ್ಡಿಗೆ ಬಾಂಡೆಡ್ ವಾಷರ್ (ರಬ್ಬರ್ ಅಂಟಿಸಿದ ಲೋಹದ ವಾಷರ್) ಸಾಕು. ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಎಳೆ ಕಿತ್ತುಬಂದು ಸ್ಪೂಲಿಗೆ ಸಿಕ್ಕಿಕೊಳ್ಳುತ್ತದೆ.

ಬಿಚ್ಚುವ ಮುನ್ನ ಬೂಮ್, ಬಕೆಟ್ ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಎಲ್ಲ ಲಿವರ್ ಹಿಂದೆ ಮುಂದೆ ಆಡಿಸಿ ಒತ್ತಡ ಬಿಡಿ.

ಹೊಸ ವಾಲ್ವಿನ ಮುಖ್ಯ ರಿಲೀಫನ್ನು ಗೇಜ್ ಹಾಕಿಯೇ ಹೊಂದಿಸಿ. ಸ್ಕ್ರೂ ಸಡಿಲವಿಟ್ಟು, ಥಂಬನ್ನು ಸಿಲಿಂಡರಿನ ತುದಿಗೆ ಒತ್ತಿ ಐದು ಸೆಕೆಂಡ್ ಮೀರದಂತೆ ಹಿಡಿದು, ಕಾಲು ಸುತ್ತಿನಷ್ಟೇ ಬಿಗಿಯುತ್ತ ಟ್ರಾಕ್ಟರ್ ಕೈಪಿಡಿ ಹೇಳುವ ಒತ್ತಡಕ್ಕೆ ತನ್ನಿ, ಮೀರಬೇಡಿ. ತೀರ ಕಡಿಮೆಯಿಟ್ಟರೆ ಬ್ಯಾಕ್‌ಹೋ ಅಗೆಯುವ ಬಲವೂ ಕುಗ್ಗುತ್ತದೆ, ಏಕೆಂದರೆ ಅದರ ಒತ್ತಡವೂ ಈಗ ಇದೇ ವಾಲ್ವಿನ ಮೂಲಕ ಹಾದುಹೋಗುತ್ತದೆ.

ಥಂಬಿಗೆ ಪೋರ್ಟ್ ರಿಲೀಫ್ (ಸಿಲಿಂಡರಿನ ಬದಿಯ ಒತ್ತಡ ಬಿಡುವ ರಿಲೀಫ್) ಬೇರೆಯೇ ಬೇಕು. ಬಕೆಟ್ ಮುಚ್ಚುತ್ತ ಥಂಬನ್ನು ತಳ್ಳಿದಾಗ ಅದರ ಸಿಲಿಂಡರಿನಲ್ಲಿ ಸಿಕ್ಕಿಕೊಂಡ ಎಣ್ಣೆಯ ಒತ್ತಡವನ್ನು ಮುಖ್ಯ ರಿಲೀಫ್ ತಗ್ಗಿಸಲಾರದು, ಏಕೆಂದರೆ ನಡುವಿನಲ್ಲಿರುವ ಸ್ಪೂಲ್ ಆ ದಾರಿ ಮುಚ್ಚಿರುತ್ತದೆ. ಹೋಸ್ ಒಡೆಯುತ್ತದೆ, ಇಲ್ಲವೇ ರಾಡ್ ಬಾಗುತ್ತದೆ. ಬಕೆಟ್ ಜೋರಾಗಿ ಒತ್ತಿದಾಗ ಥಂಬ್ ನಿಧಾನವಾಗಿ ಹಿಂದೆ ಸರಿದರೆ ಹೊಂದಿಕೆ ಸರಿಯಿದೆ.

ಐಡಲ್‌ನಲ್ಲಿ ಥಂಬನ್ನು ಐದಾರು ಸಲ ಪೂರ್ತಿ ಆಡಿಸಿ ಗಾಳಿ ತೆಗೆದು ಎಣ್ಣೆ ಮಟ್ಟ ನೋಡಿ. 50 ಮಿ.ಮೀ. ಬೋರ್, 250 ಮಿ.ಮೀ. ಸ್ಟ್ರೋಕಿನ ಸಿಲಿಂಡರೇ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ. ಸೋರಿಕೆಯನ್ನು ರಟ್ಟು ಹಿಡಿದು ಹುಡುಕಿ, ಕೈಯಿಂದ ಎಂದೂ ಬೇಡ. ಸೂಜಿಯಂಥ ಎಣ್ಣೆ ಚರ್ಮ ತೂರಿದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಬ್ಯಾಕ್‌ಹೋ ಕಳಚಿದಾಗ ಪಂಪ್ ಬದಿಯ ಮತ್ತು ಟ್ಯಾಂಕ್ ಬದಿಯ, ಹೋಸ್ ಜೋಡಿಸುವ ಕಪ್ಲರ್‌ಗಳನ್ನು ಒಂದಕ್ಕೊಂದು ಜೋಡಿಸಿ. ತೆರೆದು ಬಿಟ್ಟರೆ ಅವು ತಾವಾಗಿ ಮುಚ್ಚಿಕೊಂಡು, ಎಂಜಿನ್ ಚಾಲೂ ಮಾಡಿದೊಡನೆ ಪಂಪಿಗೆ ಎಣ್ಣೆ ಕಳಿಸಲು ದಾರಿಯೇ ಇರುವುದಿಲ್ಲ.