ಹಗ್ಗ ಎಳೆದೂ ಎಳೆದೂ ಸ್ಟಾರ್ಟ್ ಆಗದ ಮೋವರ್ ಇಂಜಿನ್: ನನ್ನ ಅನುಭವ

ನನ್ನ ಕೈಗೆ ಬಂದ ಮೊದಲ ಮೋವರ್‌ಗೆ, ಅಂದರೆ ಹುಲ್ಲು ಕತ್ತರಿಸುವ ಮೆಷಿನ್‌ಗೆ, ರಿಪೇರಿಯವರು ಆಗಲೇ ತೀರ್ಪು ಕೊಟ್ಟಾಗಿತ್ತು. ಇಂಜಿನ್ ಹೋಗಿದೆ, ಗುಜರಿಗೆ ಹಾಕಿ ಅಂದಿದ್ದರಂತೆ. ಅದರ ಯಜಮಾನರು ಅದನ್ನು ನನಗೆ ಸುಮ್ನೆ ಕೊಟ್ಟುಬಿಟ್ಟರು. ಎರಡು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಮೆಷಿನ್ ಅದು. ಒಂದೇ ಸಂಜೆಯಲ್ಲಿ ಓಡಿತು. ಹೊಸದಾಗಿ ಹಾಕಿದ್ದು ಕಿಡಿ ಕೊಡುವ ಒಂದು ಸ್ಪಾರ್ಕ್ ಪ್ಲಗ್, ಪೆಟ್ರೋಲನ್ನು ಗಾಳಿ ಜೊತೆ ಬೆರೆಸುವ ಕಾರ್ಬೊರೇಟರ್‌ನ ಬೌಲಿಗೆ (ಕೆಳಗಿನ ಬಟ್ಟಲಿಗೆ) ಸೋರದ ಹಾಗೆ ಒಂದು ಗ್ಯಾಸ್ಕೆಟ್, ಅಷ್ಟೇ. ಅಲ್ಲಿಂದ ಈಚೆಗೆ ಹದಿನೈದಕ್ಕೂ ಜಾಸ್ತಿ ಇಂಜಿನ್ ಬಿಚ್ಚಿದ್ದೇನೆ. ಅವುಗಳಲ್ಲಿ ಮುಕ್ಕಾಲು ಪಾಲು ನಿಂತಿದ್ದು ಟ್ಯಾಂಕಿನಲ್ಲಿ ಉಳಿದ ಹಳೇ ಪೆಟ್ರೋಲಿನಿಂದ. ಅದಕ್ಕೇ ಹೇಳೋದು, ಮೊದಲು ನೋಡಿ, ಆಮೇಲೆ ಬಿಚ್ಚಿ, ಪಾರ್ಟ್ ಕೊಳ್ಳೋದು ಎಲ್ಲಕ್ಕಿಂತ ಕೊನೆಗೆ.

ಏನನ್ನೂ ಮುಟ್ಟುವ ಮುಂಚೆ ನಾನು ಪ್ಲಗ್‌ನ ಕ್ಯಾಪ್ ಕಿತ್ತು ದೂರ ಇಡುತ್ತೇನೆ. ಇದರಲ್ಲಿ ರಾಜಿ ಇಲ್ಲ. ಈ ಇಂಜಿನ್‌ಗಳಲ್ಲಿ ಕಿಡಿಗೆ ಬ್ಯಾಟರಿ ಬೇಕಿಲ್ಲ. ಇಂಜಿನ್ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್‌ನ ಅಂಚಿನಲ್ಲಿ ಕೂತಿರುವ ಮ್ಯಾಗ್ನೆಟ್, ವೈರ್ ಸುತ್ತಿದ ಕಾಯಿಲ್ ಮುಂದೆ ಹಾದು ಹೋದರೆ ಸಾಕು, ಕರೆಂಟ್ ಹುಟ್ಟುತ್ತದೆ. ಕೆಳಗೆ ಬ್ಲೇಡನ್ನು ಕೈಯಿಂದ ತಿರುಗಿಸುವಾಗಲೂ ಇಂಜಿನ್ ಒಂದು ಸಲ ಹೊಡೆಯಬಹುದು. ಬೆರಳು ಹೋಗಲು ಆ ಒಂದು ಸಲ ಸಾಕು. ಇನ್ನೊಂದು, ಮೆಷಿನ್ ಮಲಗಿಸುವಾಗ ಕಾರ್ಬೊರೇಟರ್, ಏರ್ ಫಿಲ್ಟರ್ ಇರುವ ಬದಿ ಮೇಲೆ ಬರಬೇಕು. ಉಲ್ಟಾ ಮಲಗಿಸಿದರೆ ಆಯಿಲ್ ಹರಿದು ಫಿಲ್ಟರ್ ನೆನೆದು ಹೋಗುತ್ತದೆ, ಆಮೇಲೆ ಇಲ್ಲದ ಕಾಯಿಲೆಗೆ ಮದ್ದು ಹುಡುಕುತ್ತಾ ಕೂರಬೇಕಾಗುತ್ತದೆ.

ನಂತರ ಹಗ್ಗವನ್ನು ನಿಧಾನಕ್ಕೆ ಎಳೆಯುತ್ತೇನೆ. ಒಂದು ಕಡೆ ಕೈಗೆ ಬಿಗಿ ಸಿಗಬೇಕು, ಅದು ದಾಟಿದ ಮೇಲೆ ಸಡಿಲ ಆಗಬೇಕು. ಆ ಬಿಗಿ ಸಿಕ್ಕಿದರೆ ಕಂಪ್ರೆಷನ್ ಇದೆ, ಅಂದರೆ ಪಿಸ್ಟನ್ ಸಿಲಿಂಡರ್ ಒಳಗಿನ ಗಾಳಿಯನ್ನು ಒತ್ತುತ್ತಿದೆ ಅಂತ ಅರ್ಥ, ಅರ್ಧ ಚಿಂತೆ ಮುಗಿಯಿತು. ಗೇಜ್ ಹಾಕಿ ಅಳೆಯುವವರು ಇದ್ದಾರೆ, ಆದರೆ ಹಗ್ಗ ಎಳೆಯಲು ಸುಲಭ ಆಗಲಿ ಅಂತ ತುಂಬಾ ಇಂಜಿನ್‌ಗಳಲ್ಲಿ ಸ್ಟಾರ್ಟ್ ಮಾಡುವಾಗ ವಾಲ್ವ್ ಸ್ವಲ್ಪ ತೆರೆದೇ ಇರುವ ಏರ್ಪಾಡು ಇರುತ್ತದೆ, ಹಾಗಾಗಿ ಚೆನ್ನಾಗಿರುವ ಇಂಜಿನ್ ಕೂಡ ಗೇಜಿನಲ್ಲಿ ಕಡಿಮೆ ತೋರಿಸುತ್ತದೆ. ನನಗೆ ಕೈಯ ಮೇಲೇ ಜಾಸ್ತಿ ನಂಬಿಕೆ. ಹಗ್ಗ ಅಲ್ಲಾಡಲೇ ಇಲ್ಲ ಅಂದರೆ ಪಿಸ್ಟನ್ ತುಕ್ಕು ಹಿಡಿದು ಜಾಮ್ ಆಗಿರಬಹುದು. ಅಂಥದ್ದೊಂದಕ್ಕೆ ಪ್ಲಗ್ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನಾಲ್ಕು ದಿನ ಬಿಟ್ಟೆ. ದಿನಕ್ಕೆ ಒಂದೆರಡು ಸಲ ಕೈಗವಸು ಹಾಕಿಕೊಂಡು ಬ್ಲೇಡನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಒತ್ತಿ ನೋಡುತ್ತಿದ್ದೆ. ಐದನೇ ದಿನ ಕೂದಲೆಳೆಯಷ್ಟು ಅಲ್ಲಾಡಿತು. ಆ ಖುಷಿ ಹೇಳತೀರದು. ಇಲ್ಲಿ ಉದ್ದದ ಪೈಪು ಹಾಕಿ ಬಲ ಪ್ರಯೋಗ ಮಾಡಬಾರದು, ಪಿಸ್ಟನ್ ಸುತ್ತಲಿನ ರಿಂಗ್ ಮುರಿದರೆ ಕಥೆ ಮುಗಿಯಿತು.

ಕಂಪ್ರೆಷನ್ ಇದೆ ಅಂತಾದರೆ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ. ಹೊಸ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಹಳೇದು ವಾರ್ನಿಶ್ ಥರ, ಸ್ವಲ್ಪ ಹುಳಿ ಹುಳಿ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ನೀರು ಜಾಸ್ತಿ ಆದಾಗ ಎಥನಾಲ್ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಕಾರ್ಬೊರೇಟರ್‌ಗೆ ಮೊದಲು ಹೋಗುವುದು ಆ ತಳದ್ದೇ ಅಲ್ವಾ? ಹಳೇದನ್ನೆಲ್ಲ ಬಸಿದು ತೆಗೆದ ಮೇಲೆ ಒಂದು ಪರೀಕ್ಷೆ ಮಾಡುತ್ತೇನೆ. ಪ್ಲಗ್ ಬಿಚ್ಚಿ ಆ ತೂತಿಗೆ ಅರ್ಧ ಚಮಚ ಹೊಸ ಪೆಟ್ರೋಲ್ ಬಿಟ್ಟು, ಪ್ಲಗ್ ಹಾಕಿ, ಚೆಲ್ಲಿದ್ದನ್ನು ಒರೆಸಿ, ಹಗ್ಗ ಎಳೆಯುವುದು. ಎರಡು ಸೆಕೆಂಡ್ ಓಡಿ ನಿಂತರೆ ಕರೆಂಟ್ ಸರಿ ಇದೆ, ಕಂಪ್ರೆಷನ್ ಸರಿ ಇದೆ, ಪೆಟ್ರೋಲ್ ಮಾತ್ರ ಬರುತ್ತಿಲ್ಲ. ನನ್ನ ಮೊದಲ ಮೆಷಿನ್ ಹೀಗೇ ಎರಡು ಸಲ ಗುರ್ ಅಂದು ನಿಂತಿತ್ತು.

ಈಗ ಕಾರ್ಬೊರೇಟರ್. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಇಂಜಿನ್ ವೇಗ ಹಿಡಿದಿಡುವ ಗವರ್ನರ್‌ನ ಸಣ್ಣ ಸ್ಪ್ರಿಂಗ್ ಯಾವ ತೂತಿನಲ್ಲಿತ್ತು ಅಂತ ಆಮೇಲೆ ನೆನಪಿರುವುದಿಲ್ಲ. ತಪ್ಪು ತೂತಿಗೆ ಹಾಕಿದರೆ ಇಂಜಿನ್ ಮಿತಿ ಮೀರಿ ಓಡಬಹುದು, ಅದು ಅಪಾಯ. ಬೌಲಿನ ಕೆಳಗೆ ಒಂದು ಬೋಲ್ಟ್ ಇರುತ್ತದೆ. ಮೊದಲ ಸಲ ಅದನ್ನು ನಾನು ಬರೀ ಬೋಲ್ಟ್ ಅಂದುಕೊಂಡು ಪಕ್ಕಕ್ಕೆ ಇಟ್ಟಿದ್ದೆ. ಬೌಲ್ ತೊಳೆದೆ, ಅದರೊಳಗೆ ತೇಲುವ ಫ್ಲೋಟ್ ತೊಳೆದೆ, ಜೋಡಿಸಿದೆ. ಇಂಜಿನ್ ಏಳಲಿಲ್ಲ. ಮತ್ತೆ ಬಿಚ್ಚಿ ಆ ಬೋಲ್ಟನ್ನು ಬೆಳಕಿಗೆ ಹಿಡಿದಾಗ ಗೊತ್ತಾಯಿತು, ಅದರ ಒಳಗೆ ಟೊಳ್ಳು, ಪಕ್ಕದಲ್ಲಿ ಸೂಜಿ ಮೊನೆಯಷ್ಟು ತೂತು. ಆ ನಮೂನೆಯ ಕಾರ್ಬೊರೇಟರ್‌ನಲ್ಲಿ ಆ ಬೋಲ್ಟೇ ಮೇನ್ ಜೆಟ್, ಪೆಟ್ರೋಲ್ ಇಂಜಿನ್‌ಗೆ ಹೋಗುವ ದಾರಿ. ತೂತಿನ ತುಂಬ ಹಸಿರು ಬಣ್ಣದ ಅಂಟು. ತಾಮ್ರದ ವೈರಿನಿಂದ ಒಂದೇ ಒಂದು ಎಳೆ ಬಿಡಿಸಿ, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಮೆಲ್ಲಗೆ ತೂರಿಸಿದೆ. ಮೂರನೇ ಸಲಕ್ಕೆ ಆ ಕಡೆ ಬಂತು. ಆಮೇಲೆ ಬೋಲ್ಟ್ ಎತ್ತಿ ನೋಡಿದರೆ ಬೆಳಕಿನ ಒಂದು ಚುಕ್ಕಿ, ದುಂಡಗೆ. ಜೋಡಿಸಿ ಎರಡನೇ ಸಲ ಎಳೆದಾಗ ಇಂಜಿನ್ ಎದ್ದಿತು, ಮೊದಲು ಬಿಳಿ ಹೊಗೆ, ಆಮೇಲೆ ಸಮನಾದ ಸದ್ದು.

ತಾಮ್ರವೇ ಯಾಕೆ ಅಂದರೆ ಅದು ಮೆತ್ತಗಿರುತ್ತದೆ. ಇನ್ನೊಂದು ಇಂಜಿನ್‌ನಲ್ಲಿ ಅವಸರಕ್ಕೆ ಉಕ್ಕಿನ ಪಿನ್ ಬಳಸಿದೆ. ಜೆಟ್ ಹಿತ್ತಾಳೆಯದ್ದು, ತೂತು ದೊಡ್ಡದಾಯಿತು. ಆಮೇಲೆ ಆ ಇಂಜಿನ್ ಕಪ್ಪು ಹೊಗೆ ಬಿಡುತ್ತಾ ಪ್ಲಗ್ ಮೇಲೆ ಮಸಿ ಕಟ್ಟುತ್ತಲೇ ಇತ್ತು, ಹೊಸ ಜೆಟ್ ಹಾಕುವವರೆಗೂ. ಸ್ಪ್ರೇ ಹೊಡೆಯುವಾಗ ಕನ್ನಡಕ ಹಾಕಿಕೊಳ್ಳಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದು ತೂತಿನಿಂದ ನೇರ ಕಣ್ಣಿಗೇ ಬರುತ್ತದೆ. ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್‌ನ ಸೂಜಿಯ ತುದಿ ಸವೆದಿದೆಯಾ ಅಂತಲೂ ನೋಡಿ. ಅದು ಸರಿಯಾಗಿ ಮುಚ್ಚದಿದ್ದರೆ ಪೆಟ್ರೋಲ್ ಓವರ್‌ಫ್ಲೋ ಆಗಿ ಸಿಲಿಂಡರ್ ದಾಟಿ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗೇ ಏರಿದ್ದು ಕಂಡರೆ, ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಬದಲಿಸದೆ ಓಡಿಸಲೇಬೇಡಿ.

ಕರೆಂಟ್ ಬರದ ಇಂಜಿನ್‌ಗಳು ನನಗೆ ಸಿಕ್ಕಿದ್ದು ಕಡಿಮೆ. ಒಂದಕ್ಕೆ ಹೊಸ ಪ್ಲಗ್ ಹಾಕಿದೆ, ಗ್ಯಾಪ್ 0.76 ಮಿ.ಮೀ. ಇಟ್ಟೆ, ಕಿಡಿ ಇಲ್ಲ. ಕಾಯಿಲ್ ಹೋಗಿದೆ ಅಂದುಕೊಂಡು ಹೊಸ ಕಾಯಿಲ್ ತಂದೆ. ಆಗಲೂ ಇಲ್ಲ. ನೋಡಿದರೆ, ಇಂಜಿನ್ ಬಂದ್ ಮಾಡುವ ತೆಳು ವೈರಿನ ಸಿಪ್ಪೆ ಒಂದು ಕಡೆ ಉಜ್ಜಿ ಹೋಗಿ ಇಂಜಿನ್‌ನ ಲೋಹದ ಮೈಗೆ ತಾಗುತ್ತಿತ್ತು. ಹುಟ್ಟಿದ ಕರೆಂಟೆಲ್ಲ ಅಲ್ಲೇ ಆ ಲೋಹಕ್ಕೆ ಇಳಿದು ಹೋಗುತ್ತಿತ್ತು. ಈಗ ಕಾಯಿಲ್ ಮೇಲೆ ಅನುಮಾನ ಪಡುವ ಮುಂಚೆ ಆ ವೈರ್ ಬಿಡಿಸಿ ಕಿಡಿ ನೋಡುತ್ತೇನೆ. ಪರೀಕ್ಷೆ ಆದ ಮೇಲೆ ಅದನ್ನು ವಾಪಸ್ ಜೋಡಿಸಲೇಬೇಕು, ಇಲ್ಲದಿದ್ದರೆ ಹ್ಯಾಂಡಲ್ ಬಿಟ್ಟರೂ ಇಂಜಿನ್ ನಿಲ್ಲದೆ ಹೋಗಬಹುದು.

ನನ್ನನ್ನು ತುಂಬಾ ದಿನ ಕಾಡಿಸಿದ್ದು ಇನ್ನೊಂದು. ಪೆಟ್ರೋಲ್ ಇದೆ, ಕಿಡಿ ಇದೆ, ಬಿಗಿ ಇದೆ, ಆದರೂ ಏಳುತ್ತಿಲ್ಲ. ಎಳೆದಾಗ ಹಗ್ಗ ಕೈಯಿಂದ ಕಿತ್ತುಕೊಂಡು ಹೋಗುತ್ತದೆ, ಸೈಲೆನ್ಸರ್‌ನಲ್ಲಿ ಢಬ್ ಅನ್ನುತ್ತದೆ. ಆ ಮೆಷಿನ್‌ನ ಯಜಮಾನರನ್ನು ಕೇಳಿದೆ, ಕೊನೇ ಸಲ ಓಡಿಸುವಾಗ ಏನಾಯಿತು ಅಂತ. ಬ್ಲೇಡು ಮರದ ಬೇರಿಗೆ ಹೊಡೆದು ನಿಂತಿತ್ತಂತೆ. ಅಲ್ಲಿಗೆ ಅರ್ಥವಾಯಿತು. ಫ್ಲೈವೀಲ್ ಮತ್ತು ಬ್ಲೇಡನ್ನು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ನಡುವೆ ಬೆರಳ ಉಗುರಿಗಿಂತ ಸಣ್ಣ ಒಂದು ತುಂಡು ಕೂತಿರುತ್ತದೆ, ಮೆತ್ತನೆ ಲೋಹದ್ದು, ಅದಕ್ಕೆ ಕೀ ಅನ್ನುತ್ತಾರೆ. ಏಟು ಬಿದ್ದಾಗ ಅದು ಕತ್ತರಿಸಿ ಹೋಗುತ್ತದೆ. ಫ್ಲೈವೀಲ್ ಸ್ವಲ್ಪ ಜರುಗಿದರೂ ಕಿಡಿ ತಪ್ಪು ಹೊತ್ತಿಗೆ ಬರುತ್ತದೆ. ಪುಲ್ಲರ್ ಹಾಕಿ ಫ್ಲೈವೀಲ್ ತೆಗೆದಾಗ ಕೀ ಮಧ್ಯಕ್ಕೆ ಮೆಟ್ಟಿಲಿನ ಹಾಗೆ ಮುರಿದಿತ್ತು. ಹೊಸ ಕೀ ಹಾಕಿ, ಕಾಯಿಲ್ ಮತ್ತು ಮ್ಯಾಗ್ನೆಟ್ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಅಂತರ ಸರಿ ಮಾಡಿ ಬಿಗಿ ಮಾಡಿದೆ. ಮೊದಲ ಎಳೆತಕ್ಕೇ ಎದ್ದಿತು. ಅದೇ ಏಟಿಗೆ ಕ್ರ್ಯಾಂಕ್‌ಶಾಫ್ಟ್ ಬಾಗಿದ್ದರೆ ಮಾತ್ರ ನಾನು ಕೈ ಹಾಕುವುದಿಲ್ಲ. ಬ್ಲೇಡಿನ ಬೋಲ್ಟನ್ನು ನೋಡುತ್ತಾ ಶಾಫ್ಟ್ ನಿಧಾನಕ್ಕೆ ತಿರುಗಿಸಿದರೆ ತುದಿ ಓಲಾಡುವುದು ಕಾಣುತ್ತದೆ. ಅದನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡುವವರನ್ನು ನೋಡಿದ್ದೇನೆ. ನೆಟ್ಟಗಾದ ಹಾಗೆ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು, ಮುಂದೆ ಅದು ಮುರಿದರೆ ಬ್ಲೇಡ್ ಯಾರ ಕಾಲಿಗೆ ಹೋಗುತ್ತದೋ. ಅಂಥದ್ದರಿಂದ ಪಾರ್ಟ್ ಬಿಚ್ಚಿಟ್ಟುಕೊಳ್ಳುತ್ತೇನೆ.

ಹತ್ತು ನಿಮಿಷ ಓಡಿ ನಿಲ್ಲುವ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏಳುವ ಮೆಷಿನ್ ನಿಮ್ಮಲ್ಲಿದ್ದರೆ ಟ್ಯಾಂಕಿನ ಮುಚ್ಚಳ ಅರ್ಧ ಸಡಿಲಿಸಿ ನೋಡಿ. ಮುಚ್ಚಳದ ಗಾಳಿ ತೂತು ಕಸದಿಂದ ಮುಚ್ಚಿದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ತೊಳೆದರೆ ಮುಗಿಯಿತು.

ನನ್ನ ಹತ್ತಿರ ಈಗ ಓಡುತ್ತಿರುವುದರಲ್ಲಿ ಹಳೇದು ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಕಂಪನಿಯ ಒಂದು ಇಂಜಿನ್. ಅವರ ಇಂಜಿನ್ ಮೇಲೆ ಒತ್ತಿರುವ ಕೋಡ್ ನಂಬರಿನಲ್ಲಿ ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ತಿಂಗಳು, ಆಮೇಲಿನ ಎರಡು ತಾರೀಕು. ನನ್ನದರ ಮೇಲೆ 9503 ಅಂತ ಶುರುವಾಗುತ್ತದೆ, ಅಂದರೆ 1995ರ ಮಾರ್ಚ್. ಇಷ್ಟು ವರ್ಷದ ಮೇಲೂ ಎರಡನೇ ಎಳೆತಕ್ಕೆ ಏಳುತ್ತದೆ. ನಾನು ಅದಕ್ಕೆ ಮಾಡುವುದು ಇಷ್ಟೇ. ಸುಮಾರು 600 ಮಿ.ಲೀ. ಆಯಿಲ್ ಹಿಡಿಯುತ್ತದೆ, ವರ್ಷಕ್ಕೊಂದು ಸಲ ಬಿಸಿ ಇರುವಾಗಲೇ ಬಸಿದು ಹೊಸದು ಹಾಕುತ್ತೇನೆ. ಹುಲ್ಲಿನ ಕೆಲಸ ಮುಗಿದು ಮೆಷಿನ್ ಒಳಗೆ ಇಡುವ ದಿನ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಿ ಬಿಡುತ್ತೇನೆ. ಸ್ವಲ್ಪ ಹೊತ್ತಿಗೆ ಸದ್ದು ಏರಿಳಿಯಲು ಶುರುವಾಗುತ್ತದೆ, ಆಮೇಲೆ ತಾನಾಗೇ ನಿಲ್ಲುತ್ತದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬೌಲಿನ ಆ ಬೋಲ್ಟ್ ಸಡಿಲಿಸಿ, ಕೆಳಗೆ ಒಂದು ಡಬ್ಬಿ ಹಿಡಿಯುತ್ತೇನೆ. ಯಾವಾಗಲೂ ಒಂದೆರಡು ಚಮಚ ಪೆಟ್ರೋಲ್ ಅಲ್ಲಿ ಉಳಿದೇ ಇರುತ್ತದೆ.